ಹದಿನಾಲ್ಕು ಸಾಲಿಗೆ ಆರು ಪಾಠ: ಓಜಿಮ್ಯಾಂಡಿಯಸ್ ಕೋರ್ಸ್ ಮುಗಿಸಿದ ಮೇಲೆ

ನಾನು ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಉದ್ಘಾಟನೆಯ ಫಲಕ, ಮನೆ ಹೆಸರು, ಸಮಾಧಿ ಕಲ್ಲು, ಏನು ಬಂದರೂ ಮಾಡಿಕೊಡುತ್ತೇನೆ. ಈಗ ಮುಕ್ಕಾಲು ಕೆಲಸ ಮೆಷಿನ್ನಿನಲ್ಲೇ ಆಗುತ್ತದೆ. ಆದರೆ ಕಲ್ಲಿಗೆ ಹೋಗುವ ಮೊದಲು ಪ್ರತಿ ಅಕ್ಷರವನ್ನೂ ನಾನೇ ಬೆರಳಿಟ್ಟು ಓದುತ್ತೇನೆ. ಕಾಗದದಲ್ಲಿ ತಪ್ಪಾದರೆ ಅಳಿಸಬಹುದು. ಕಲ್ಲಲ್ಲಿ ತಪ್ಪಾದರೆ ಕಲ್ಲೇ ಹೋಯಿತು.

ಹೋದ ವರ್ಷ ಒಬ್ಬರು ಹೊಸ ಆಫೀಸಿನ ಬಾಗಿಲ ಪಕ್ಕ ಹಾಕಿಸಬೇಕು ಅಂತ ಒಂದು ಇಂಗ್ಲಿಷ್ ಸಾಲು ಬರೆದು ತಂದರು. "ಲುಕ್ ಆನ್ ಮೈ ವರ್ಕ್ಸ್, ಯೀ ಮೈಟಿ." ಆ "ಯೀ" ನೋಡಿ ನನಗೆ ಅನುಮಾನ ಬಂತು. ಎಲ್ಲೋ ಅಕ್ಷರ ಬಿಟ್ಟುಹೋಗಿರಬೇಕು ಅಂತ ಹುಡುಕಿದೆ. ತಪ್ಪೇನೂ ಇರಲಿಲ್ಲ, "ನೀವು" ಅನ್ನುವುದಕ್ಕೆ ಹಳೇ ಇಂಗ್ಲಿಷಿನ ಮಾತು ಅದು. ಆದರೆ ಹುಡುಕುವಾಗ ಇಡೀ ಕವಿತೆ ಸಿಕ್ಕಿತು. ಆ ಮಾತು ಹೇಳುವ ರಾಜನ ಪ್ರತಿಮೆ ಒಡೆದು ಮರಳಲ್ಲಿ ಬಿದ್ದಿದೆ, ಎರಡು ಕಲ್ಲಿನ ಕಾಲು ಮಾತ್ರ ನಿಂತಿವೆ! ಅವರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದು ಒಳ್ಳೇದಾಯ್ತು, ಬರೀ ಆಫೀಸ್ ಹೆಸರು ಹಾಕಿಬಿಡಿ" ಅಂದರು. ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ರಾತ್ರಿ ಮಲಗಿದರೂ ಆ ಎರಡು ಕಲ್ಲಿನ ಕಾಲುಗಳೇ ಕಣ್ಣ ಮುಂದೆ.

ಹಾಗಾಗಿ ಈ ಆನ್‌ಲೈನ್ ಕೋರ್ಸಿಗೆ ಸೇರಿದೆ. ಒಂದೇ ಒಂದು ಕವಿತೆ, ಆರು ಪಾಠ. ಪ್ರತಿಯೊಂದೂ ಹೆಚ್ಚುಕಮ್ಮಿ 40 ನಿಮಿಷದ ವಿಡಿಯೋ. ಜೊತೆಗೆ ಟಿಪ್ಪಣಿಯ ಪಿಡಿಎಫ್, ಕೊನೆಗೆ ಒಂದು ಬರವಣಿಗೆ, ಅದನ್ನು ಓದಿ ತಿದ್ದಿಕೊಡುತ್ತಾರೆ. ಪಾಠ ಇಂಗ್ಲಿಷಿನಲ್ಲಿದೆ, ಆದರೆ ಮೇಡಂ ನಿಧಾನವಾಗಿ ಮಾತಾಡುತ್ತಾರೆ. ನನ್ನಂಥ ಕಾಲೇಜು ಬಿಟ್ಟು ಎಷ್ಟೋ ವರ್ಷ ಆದವನಿಗೂ ಅರ್ಥವಾಯಿತು. ಹದಿನಾಲ್ಕು ಸಾಲಿಗೆ ನಾಲ್ಕು ಗಂಟೆ ಜಾಸ್ತಿ ಅಲ್ವಾ ಅಂತ ಮೊದಲು ಅನಿಸಿತ್ತು. ಈಗ ಕೇಳಿದರೆ ಇನ್ನೊಂದು ಗಂಟೆ ಬೇಕಿತ್ತು ಅನ್ನುತ್ತೇನೆ. ಅದು ಎಲ್ಲಿ ಬೇಕಿತ್ತು ಅಂತ ಮುಂದೆ ಹೇಳುತ್ತೇನೆ.

ಕವಿತೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕವಿತೆಯ ಹೆಸರು ಓಜಿಮ್ಯಾಂಡಿಯಸ್, ಬರೆದವನು ಇಂಗ್ಲಿಷ್ ಕವಿ ಪರ್ಸಿ ಬಿಶ್ ಶೆಲ್ಲಿ. ಬರೆದದ್ದು 1817ರ ಡಿಸೆಂಬರ್ ಕೊನೆಯಲ್ಲಿ, ಅವನಿಗಾಗ 25 ವರ್ಷ. ಕವಿಗೆ ದೂರದ ಪುರಾತನ ದೇಶದಿಂದ ಬಂದ ಒಬ್ಬ ಪ್ರಯಾಣಿಕ ಸಿಗುತ್ತಾನೆ. ಮರಳುಗಾಡಿನಲ್ಲಿ ಎರಡು ದೊಡ್ಡ ಕಲ್ಲಿನ ಕಾಲು ನಿಂತಿವೆ, ಮೇಲೆ ಮೈ ಇಲ್ಲ ಅನ್ನುತ್ತಾನೆ. ಪಕ್ಕದಲ್ಲಿ ಒಡೆದ ಮುಖ, ಅರ್ಧ ಹೂತುಹೋಗಿದೆ. ಗಂಟಿಕ್ಕಿದ ಹುಬ್ಬು, ಸುಕ್ಕುಗಟ್ಟಿದ ತುಟಿ, ಅಪ್ಪಣೆ ಕೊಟ್ಟು ರೂಢಿಯಾದವರ ತಣ್ಣನೆಯ ತಾತ್ಸಾರ. ಪೀಠದ ಮೇಲೆ ಬರಹ: ನನ್ನ ಹೆಸರು ಓಜಿಮ್ಯಾಂಡಿಯಸ್, ರಾಜರ ರಾಜ, ಬಲಶಾಲಿಗಳೇ, ನನ್ನ ಕೆಲಸ ನೋಡಿ ಆಸೆ ಬಿಡಿ. ಸುತ್ತ ನೋಡಿದರೆ ಏನೂ ಇಲ್ಲ. ಕಣ್ಣು ಹಾಯುವಷ್ಟು ದೂರ ಬರೀ ಮರಳು.

ಮೊದಲ ಪಾಠ ಸಾಧಾರಣ. ಕವಿಯ ಬದುಕು, ಹುಟ್ಟಿದ್ದು 1792, ಆಕ್ಸ್‌ಫರ್ಡ್‌ನಿಂದ 1811ರಲ್ಲಿ ಹೊರಗೆ ಹಾಕಿದ್ದು, 1822ರಲ್ಲಿ ಇಟಲಿಯ ಸಮುದ್ರದಲ್ಲಿ ಮುಳುಗಿ ಸತ್ತದ್ದು. ಇದೆಲ್ಲ ಎಲ್ಲಿ ಹುಡುಕಿದರೂ ಸಿಗುತ್ತದೆ. ಒಂದು ಸಂಗತಿ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಈ ಕವಿತೆ 1818ರ ಜನವರಿ 11ರಂದು ಲಂಡನ್ನಿನ ಎಕ್ಸಾಮಿನರ್ ಪತ್ರಿಕೆಯಲ್ಲಿ ಅಚ್ಚಾದಾಗ ಕೆಳಗೆ ಶೆಲ್ಲಿ ಹೆಸರೇ ಇರಲಿಲ್ಲ. "ಗ್ಲಿರಾಸ್ಟೀಸ್" ಅಂತ ಒಂದು ಕಟ್ಟಿದ ಹೆಸರು. ಹತ್ತು ದಿನ ಮೊದಲು, ಜನವರಿ 1ಕ್ಕೆ, ಅವನ ಹೆಂಡತಿ ಮೇರಿಯ ಕಾದಂಬರಿ ಫ್ರಾಂಕನ್‌ಸ್ಟೈನ್ ಹೊರಬಂದಿತ್ತು. ಅದರ ಮೇಲೂ ಬರೆದವರ ಹೆಸರಿಲ್ಲ. ಒಂದೇ ಮನೆ, ಎರಡು ಕೃತಿ, ಎರಡರ ಮೇಲೂ ನಿಜವಾದ ಹೆಸರಿಲ್ಲ. ದಿನವಿಡೀ ಬೇರೆಯವರ ಹೆಸರು ಕೆತ್ತುವ ನನಗೆ ಇದನ್ನು ಕೇಳಿ ಒಂಥರಾ ಆಯಿತು.

ಎರಡನೇ ಪಾಠ ಪ್ರಾಸದ ಬಗ್ಗೆ. ಸಾನೆಟ್ ಅಂದರೆ ನಮ್ಮ ಸುನೀತ, ಹದಿನಾಲ್ಕು ಸಾಲು. ಸಾಮಾನ್ಯವಾಗಿ ಮೊದಲ ಎಂಟು ಸಾಲಿನ ಪ್ರಾಸ ಅಲ್ಲಿಗೆ ಮುಗಿಯುತ್ತದೆ, ಕೊನೆಯ ಆರಕ್ಕೆ ಬೇರೆ ಶುರುವಾಗುತ್ತದೆ. ಶೆಲ್ಲಿ ಹಾಗೆ ಮಾಡಿಲ್ಲ. ಏಳನೇ ಸಾಲಿನ ಕೊನೆಯ ಮಾತಿಗೆ ಜೋಡಿ ಹತ್ತನೇ ಸಾಲಿನಲ್ಲಿ ಸಿಗುತ್ತದೆ. ಏಳನೆಯದು "ಲೈಫ್‌ಲೆಸ್ ಥಿಂಗ್ಸ್", ಜೀವವಿಲ್ಲದ ವಸ್ತುಗಳು. ಹತ್ತನೆಯದು "ಕಿಂಗ್ ಆಫ್ ಕಿಂಗ್ಸ್". ಮೇಡಂ ಎರಡು ಮಾತನ್ನೂ ಒಂದರ ಕೆಳಗೆ ಒಂದು ಬರೆದು, ಏನೂ ಹೇಳದೆ ಸ್ವಲ್ಪ ಹೊತ್ತು ಬಿಟ್ಟರು. ರಾಜರ ರಾಜನಿಗೆ ಪ್ರಾಸವಾಗಿ ಕೂತಿರುವುದು ಜೀವವಿಲ್ಲದ ಕಲ್ಲು. ರಾಜ ಬಾಯಿ ತೆಗೆಯುವ ಮೊದಲೇ ಕವಿ ಉತ್ತರ ಕೊಟ್ಟು ಮುಗಿಸಿದ್ದಾನೆ. ಇದನ್ನು ನಾನು ಹತ್ತು ಸಲ ಓದಿದ್ದರೂ ಒಬ್ಬನೇ ಕಂಡುಹಿಡಿಯುತ್ತಿರಲಿಲ್ಲ.

"ಸ್ಟೋನ್" ಮತ್ತು "ಫ್ರೌನ್" ಅಲ್ಲಿ ಪ್ರಾಸ ಸರಿಯಾಗಿ ಕೂಡುವುದಿಲ್ಲ, "ಅಪಿಯರ್" ಮತ್ತು "ಡಿಸ್ಪೇರ್" ಕೂಡ ಅಷ್ಟೆ. ಒಡೆದ ಪ್ರತಿಮೆಯ ಕವಿತೆಗೆ ಬೇಕೆಂದೇ ಒಡಕು ಪ್ರಾಸ ಇಟ್ಟಿದ್ದಾನೆ ಅಂತ ಮೇಡಂ ಹೇಳಿದರು. ನನಗೆ ಇದು ಅಷ್ಟು ಒಪ್ಪಿಗೆಯಾಗಲಿಲ್ಲ. ಬರೆಯುವಾಗ ಸಿಕ್ಕ ಮಾತನ್ನು ಹಾಗೇ ಬಿಟ್ಟಿರಬಹುದು. ಎಲ್ಲ ಒಡಕಿಗೂ ಅರ್ಥ ಹಚ್ಚಬೇಕಾಗಿಲ್ಲ.

ಇನ್ನು ಮೂರನೇ ಪಾಠ. ಈ ಕೋರ್ಸ್ ಬಗ್ಗೆ ನಾನು ಬರೆಯುತ್ತಿರುವುದೇ ಈ ಪಾಠಕ್ಕಾಗಿ.

ನಲವತ್ತು ನಿಮಿಷ ಪೂರ್ತಿ ಮೂರು ಸಾಲಿನ ಮೇಲೆ, ಆರು, ಏಳು, ಎಂಟು. ಈ ಕವಿತೆಯ ಬಗ್ಗೆ ಯಾರನ್ನು ಕೇಳಿದರೂ "ಅಧಿಕಾರ ಶಾಶ್ವತ ಅಲ್ಲ" ಅಂತ ಒಂದೇ ಮಾತು ಹೇಳುತ್ತಾರೆ. ಅದು ತಪ್ಪಲ್ಲ. ಆದರೆ ಅಷ್ಟು ಹೇಳಲು ಶೆಲ್ಲಿಗೆ ಮುಖ ಬೇಕಿರಲಿಲ್ಲ, ಶಿಲ್ಪಿ ಬೇಕಿರಲಿಲ್ಲ. ಎರಡು ಕಾಲು, ಒಂದು ಪೀಠ, ಸುತ್ತ ಮರಳು ಸಾಕಿತ್ತು. ಅವನು ಮಧ್ಯದಲ್ಲಿ ಒಬ್ಬ ಕೆಲಸದವನನ್ನು ತಂದು ನಿಲ್ಲಿಸಿದ್ದಾನೆ. ಯಾಕೆ?

ಆರನೇ ಸಾಲು ಹೇಳುತ್ತದೆ, ಶಿಲ್ಪಿ ಆ ಭಾವಗಳನ್ನು ಚೆನ್ನಾಗಿ "ಓದಿದ". ಕೆತ್ತಿದ ಅಂತಿಲ್ಲ, ಓದಿದ ಅಂತಿದೆ. ಈ ಮಾತು ಬಂದಾಗ ನಾನು ವಿಡಿಯೋ ನಿಲ್ಲಿಸಿ ಎದ್ದು ಓಡಾಡಿದೆ. ನಮ್ಮ ಕೆಲಸ ಅದೇ ತಾನೆ. ಉಳಿ ಎತ್ತುವ ಮೊದಲು ಓದಬೇಕು. ಕಲ್ಲು ಹೇಗಿದೆ, ಅಕ್ಷರ ಹೇಗಿದೆ, ಕೆತ್ತಿಸುವವನು ಎಂಥವನು, ಎಲ್ಲ ಓದಬೇಕು. ಆ ಶಿಲ್ಪಿಯ ಎದುರು ರಾಜ ಕೂತಿದ್ದಾನೆ. ಶಿಲ್ಪಿ ತಲೆ ಎತ್ತಿ ಆ ತುಟಿ ನೋಡುತ್ತಾನೆ, ತಲೆ ತಗ್ಗಿಸಿ ಕೆತ್ತುತ್ತಾನೆ. ಒಂದು ಮಾತೂ ಆಡುವ ಹಾಗಿಲ್ಲ. ಆದರೆ ಕಂಡದ್ದನ್ನು ಕಂಡ ಹಾಗೆ ಕಲ್ಲಿಗೆ ಇಳಿಸಿಬಿಟ್ಟಿದ್ದಾನೆ.

ಎಂಟನೇ ಸಾಲಿನಲ್ಲಿ "ಮಾಕ್ಡ್" ಅಂತ ಒಂದು ಮಾತಿದೆ. ಆ ಭಾವಗಳನ್ನು ಮಾಕ್ ಮಾಡಿದ ಕೈ, ಅವುಗಳನ್ನು ಸಾಕಿದ ಎದೆ. ಕೈ ಶಿಲ್ಪಿಯದು, ಎದೆ ರಾಜನದು. ಮಾಕ್ ಅಂದರೆ ಹಳೇ ಇಂಗ್ಲಿಷಿನಲ್ಲಿ ಇದ್ದ ಹಾಗೆ ನಕಲು ಮಾಡುವುದು. ಗೇಲಿ ಮಾಡುವುದು ಅಂತಲೂ ಹೌದು. ಮೇಡಂ ಇದನ್ನು ವಿವರಿಸಲು ಹತ್ತು ನಿಮಿಷ ತೆಗೆದುಕೊಂಡರು. ನಾನು ಪಕ್ಕದಲ್ಲಿ ಕನ್ನಡದಲ್ಲಿ ಒಂದು ಮಾತು ಬರೆದುಕೊಂಡೆ: ಅಣಕಿಸಿದ. ನಮ್ಮ "ಅಣಕ"ದಲ್ಲಿ ಎರಡೂ ಇದೆ. ಮಗು ಅಜ್ಜನ ನಡಿಗೆ ಅಣಕಿಸುತ್ತದೆ ಅಂದರೆ ಹಾಗೇ ನಡೆದು ತೋರಿಸುತ್ತದೆ, ನಗಿಸುತ್ತದೆ ಕೂಡ. ಇಂಗ್ಲಿಷಿನ ಆ ಒಂದು ಮಾತಿಗೆ ಇಷ್ಟು ಸರಿಯಾಗಿ ಹೊಂದುವ ಮಾತು ನಮ್ಮ ಬಾಯಲ್ಲೇ ಇದೆ ಅಂತ ಗೊತ್ತಾಗಿ ತುಂಬ ಖುಷಿಯಾಯಿತು.

ಅದಕ್ಕಿಂತ ದೊಡ್ಡದು ಏಳನೇ ಸಾಲಿನ "ಸರ್ವೈವ್". ನಾನು ಮೊದಲು ಓದಿದಾಗ ಎಂಟನೇ ಸಾಲಿನ ಕೈ, ಎದೆ ಎರಡೂ ಉಳಿದಿವೆ ಅಂತಲೇ ತಿಳಿದಿದ್ದೆ. ವಾಕ್ಯ ಹಾಗಿಲ್ಲ. ಆ ಭಾವಗಳು ಕೈಯನ್ನೂ ಎದೆಯನ್ನೂ ಮೀರಿ ಉಳಿದಿವೆ ಅಂತ ಅರ್ಥ. ಕೆತ್ತಿದವನು ಸತ್ತ. ಕೆತ್ತಿಸಿಕೊಂಡವನೂ ಸತ್ತ. ಕೋಟೆ, ಊರು, ಸೈನ್ಯ ಯಾವುದೂ ಇಲ್ಲ. ಆದರೆ ಆ ತಾತ್ಸಾರ ಮಾತ್ರ ಕಲ್ಲಿನ ಮೇಲೆ ಹಾಗೇ ಕೂತಿದೆ. ರಾಜ್ಯ ಹೋಗಿ ರಾಜನ ಕೆಟ್ಟತನ ಉಳಿದಿದೆ. ಅದನ್ನು ಉಳಿಸಿದ್ದು ರಾಜನ ಬಲವೂ ಅಲ್ಲ, ಪೀಠದ ಬರಹವೂ ಅಲ್ಲ. ಹೆಸರಿಲ್ಲದ ಒಬ್ಬ ಕೂಲಿಯ ಒಳ್ಳೆಯ ಕೆಲಸ. ಇದು ಅರ್ಥವಾದ ಮೇಲೆ ಕವಿತೆ ನನಗೆ ಪೂರ್ತಿ ಬೇರೆಯಾಗಿ ಕಂಡಿತು. ಬೀಳುವ ಅಧಿಕಾರದ ಕತೆ ಇದರಲ್ಲಿ ಅರ್ಧ. ಬಿದ್ದ ಮೇಲೂ ಅದು ಎಂಥದ್ದಾಗಿತ್ತು ಅಂತ ಸಾಕ್ಷಿ ಹೇಳುವ ಕೈಯ ಕತೆ ಇನ್ನರ್ಧ.

ನಾಲ್ಕನೇ ಪಾಠ ಹೊರೇಸ್ ಸ್ಮಿತ್‌ನದು. ಷೇರು ದಲ್ಲಾಳಿ, ಶೆಲ್ಲಿಯ ಗೆಳೆಯ. ಕ್ರಿಸ್ಮಸ್ ಕಳೆದ ಮೇಲೆ ಮಾರ್ಲೋದಲ್ಲಿದ್ದ ಶೆಲ್ಲಿ ಮನೆಗೆ ಬಂದಿದ್ದ. ಇಬ್ಬರೂ ಒಂದೇ ವಿಷಯದ ಮೇಲೆ ಪೈಪೋಟಿಯಲ್ಲಿ ಒಂದೊಂದು ಸಾನೆಟ್ ಬರೆದರು. ಸ್ಮಿತ್‌ನದು ಫೆಬ್ರವರಿ 1ಕ್ಕೆ ಅದೇ ಪತ್ರಿಕೆಯಲ್ಲಿ ಬಂತು. ಅವನ ಕವಿತೆಯಲ್ಲಿ ಒಂದೇ ಕಾಲು ನಿಂತಿದೆ. ಮುಖ ಇಲ್ಲ, ಶಿಲ್ಪಿ ಇಲ್ಲ. ಕೊನೆಗೆ ಅವನು ಲಂಡನ್ನಿಗೆ ಬರುತ್ತಾನೆ: ಮುಂದೊಂದು ದಿನ ಲಂಡನ್ ಕಾಡಾಗಿರುತ್ತದೆ, ತೋಳದ ಹಿಂದೆ ಓಡುವ ಬೇಟೆಗಾರ ಅಲ್ಲಿ ಒಂದು ದೊಡ್ಡ ತುಂಡು ಕಂಡು, ಇಲ್ಲಿ ಯಾರಿದ್ದರೋ ಅಂತ ನಿಲ್ಲುತ್ತಾನೆ. ಈ ಕಲ್ಪನೆ ನನಗೆ ನಿಜಕ್ಕೂ ಇಷ್ಟವಾಯಿತು. ಮೇಡಂ ಸ್ಮಿತ್‌ನನ್ನು ಸ್ವಲ್ಪ ಬೇಗ ಬದಿಗೆ ಸರಿಸಿದರು ಅನಿಸಿತು. ತನ್ನ ಊರೇ ಹಾಳಾಗುತ್ತದೆ ಅಂತ ನೇರವಾಗಿ ಹೇಳಲು ಧೈರ್ಯ ಬೇಕು. ಆದರೆ ಎರಡನ್ನೂ ಗಟ್ಟಿಯಾಗಿ ಓದಿ ನೋಡಿ. ಸ್ಮಿತ್ ನಮ್ಮ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಾನೆ. ಶೆಲ್ಲಿ ಹನ್ನೆರಡನೇ ಸಾಲಿನ ಮಧ್ಯದಲ್ಲಿ, "ಬೇರೇನೂ ಉಳಿದಿಲ್ಲ" ಅಂತ ಚುಕ್ಕಿ ಇಟ್ಟು, ಆಮೇಲೆ ಬರೀ ಮರಳು ತೋರಿಸಿ ಬಿಟ್ಟುಬಿಡುತ್ತಾನೆ.

ಐದನೇ ಪಾಠದ ಬಗ್ಗೆ ನನಗೆ ಬೇಜಾರಿದೆ. ಇತಿಹಾಸದ ಪಾಠ ಇದು, ಇಲ್ಲೇ ಇನ್ನೊಂದು ಗಂಟೆ ಬೇಕಿತ್ತು. ಓಜಿಮ್ಯಾಂಡಿಯಸ್ ಅಂದರೆ ಈಜಿಪ್ಟಿನ ಎರಡನೇ ರಾಮ್ಸೆಸ್, ಆಳಿದ್ದು ಕ್ರಿ.ಪೂ. 1279ರಿಂದ 1213ರವರೆಗೆ. ಅವನ ಪಟ್ಟದ ಹೆಸರು "ಉಸರ್‌ಮಾತ್‌ರೆ" ಗ್ರೀಕರ ಬಾಯಲ್ಲಿ ಹೀಗಾಯಿತು. ಇಲ್ಲಿಯವರೆಗೆ ಸರಿ. ಆಮೇಲೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ರಾಮ್ಸೆಸ್ ತಲೆಯ ಫೋಟೋ ತೋರಿಸಿ, ಶೆಲ್ಲಿ ಇದನ್ನು ನೋಡಿ ಕವಿತೆ ಬರೆದ, ಆ ತಾತ್ಸಾರದ ತುಟಿ ಗಮನಿಸಿ ಅಂದರು.

ನಾನು ಗಮನಿಸಿದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಮುಖದಲ್ಲಿ ತಾತ್ಸಾರ ಇಲ್ಲವೇ ಇಲ್ಲ. ಕಣ್ಣು ಸ್ವಲ್ಪ ಕೆಳಗೆ, ತುಟಿಯಲ್ಲಿ ಮೆಲ್ಲನೆ ನಗು. ಹುಬ್ಬಿನ ಮಧ್ಯೆ ಒಂದು ಗೆರೆಯಿಲ್ಲ. ಒಂದೇ ಗ್ರಾನೈಟ್ ಬಂಡೆಯಲ್ಲಿ ಎರಡು ಬಣ್ಣ ಇದೆ, ತಲೆಗೆ ಒಂದು, ಮೈಗೆ ಇನ್ನೊಂದು ಬರುವ ಹಾಗೆ ಅಳೆದು ಕೆತ್ತಿದ್ದಾರೆ. ಅದು ಎಷ್ಟು ಕಷ್ಟ ಅಂತ ಗ್ರಾನೈಟ್ ಮುಟ್ಟಿದವರಿಗೆ ಗೊತ್ತು.

ಇನ್ನು ಶೆಲ್ಲಿ ಅದನ್ನು ನೋಡಿದ್ದ ಅನ್ನುವ ಮಾತು. ಏಳು ಟನ್ನಿಗಿಂತ ಜಾಸ್ತಿ ತೂಕದ ಆ ತಲೆಯನ್ನು ಬೆಲ್ಜೋನಿ ಅನ್ನುವವನು 1816ರಲ್ಲಿ ಈಜಿಪ್ಟಿನ ಥೀಬ್ಸ್‌ನಿಂದ ಎಳೆಸಿ ಹಡಗಿಗೆ ಸಾಗಿಸಿದ. ಅದು ಇಂಗ್ಲೆಂಡಿಗೆ ತಲುಪಿದ್ದು 1818ರಲ್ಲಿ, ಕವಿತೆ ಅಚ್ಚಾದ ಮೇಲೆ. ಆ ಮಾರ್ಚಿನಲ್ಲೇ ಶೆಲ್ಲಿ ಇಟಲಿಗೆ ಹೊರಟ, ಮತ್ತೆ ಇಂಗ್ಲೆಂಡಿಗೆ ಬರಲೇ ಇಲ್ಲ. ಈಜಿಪ್ಟಿಗಂತೂ ಅವನು ಹೋದವನೇ ಅಲ್ಲ. ಪೀಠದ ಬರಹ ಅವನಿಗೆ ಸಿಕ್ಕಿದ್ದು ಡಿಯೋಡೋರಸ್ ಅನ್ನುವ ಗ್ರೀಕ್ ಇತಿಹಾಸಕಾರ ಕ್ರಿ.ಪೂ. 1ನೇ ಶತಮಾನದಲ್ಲಿ ಬರೆದಿಟ್ಟ ಮಾತಿನಿಂದ. ಅಲ್ಲಿ ರಾಜ ಹೇಳುವುದು ಬೇರೆ: ನಾನು ಎಷ್ಟು ದೊಡ್ಡವನು, ಎಲ್ಲಿ ಮಲಗಿದ್ದೇನೆ ಅಂತ ತಿಳಿಯಬೇಕಾದರೆ ನನ್ನ ಕೆಲಸದಲ್ಲಿ ಒಂದನ್ನಾದರೂ ಮೀರಿಸಿ ತೋರಿಸಲಿ. ಅದು ಸವಾಲು. ಶೆಲ್ಲಿ ಅದನ್ನು "ಆಸೆ ಬಿಡಿ" ಅಂತ ಮಾಡಿದ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಕೋರ್ಸಿನ ಪಿಡಿಎಫ್‌ನಲ್ಲಿ ಡಿಯೋಡೋರಸ್ ಮಾತು ಇದೆ, ಆದರೆ ಪಾಠದಲ್ಲಿ ಅದರ ಮೇಲೆ ಒಂದು ನಿಮಿಷವೂ ಇಲ್ಲ.

ಹಾಗಿದ್ದರೆ ಆ ತಾತ್ಸಾರದ ಮುಖ ಎಲ್ಲಿಂದ ಬಂತು? ಶೆಲ್ಲಿ ತನ್ನ ಸುತ್ತಲೇ ನೋಡಿದ್ದ ಅಂತ ನನಗನಿಸುತ್ತದೆ. 1817ರಲ್ಲಿ ಇಂಗ್ಲೆಂಡಿನಲ್ಲಿ ವಿಚಾರಣೆಯಿಲ್ಲದೆ ಜನರನ್ನು ಜೈಲಿಗೆ ಹಾಕಬಹುದಿತ್ತು, ಅದನ್ನು ತಡೆಯುವ ಹೇಬಿಯಸ್ ಕಾರ್ಪಸ್ ಕಾನೂನನ್ನೇ ತಡೆಹಿಡಿದಿದ್ದರು. ನವೆಂಬರ್ 6ಕ್ಕೆ ರಾಜಕುಮಾರಿ ಷಾರ್ಲಟ್ ಹೆರಿಗೆಯಾದ ಮೇಲೆ ತೀರಿಕೊಂಡಳು. ಮಾರನೇ ದಿನ, ಸರ್ಕಾರದ ವಿರುದ್ಧ ಎದ್ದ ಪೆಂಟ್ರಿಚ್ ದಂಗೆಯ ಮೂವರನ್ನು ಗಲ್ಲಿಗೇರಿಸಿದರು. ದೇಶ ರಾಜಕುಮಾರಿಗೆ ಅತ್ತಿತು. ಆ ಮೂವರಿಗೂ ಅಳಬೇಕು ಅಂತ ಶೆಲ್ಲಿ ಕರಪತ್ರ ಬರೆದ. ಅದಾಗಿ ಎರಡು ತಿಂಗಳೊಳಗೆ ಈ ಸಾನೆಟ್. ಅಚ್ಚು ಹಾಕಿದ ಎಕ್ಸಾಮಿನರ್ ಸಂಪಾದಕ ಲೀ ಹಂಟ್, ರಾಜಪ್ರತಿನಿಧಿಯನ್ನು ಬೈದು ಬರೆದದ್ದಕ್ಕೆ ಎರಡು ವರ್ಷ ಜೈಲಿನಲ್ಲಿದ್ದು ಬಂದವನು. ಇದಕ್ಕೆಲ್ಲ ಪಾಠದಲ್ಲಿ ಸಿಕ್ಕಿದ್ದು ಎರಡೇ ಎರಡು ನಿಮಿಷ. ಮರಳಿನ ಫೋಟೋಗಳಿಗೆ ಅದಕ್ಕಿಂತ ಜಾಸ್ತಿ ಹೊತ್ತು ಹೋಯಿತು.

ಇನ್ನೊಂದು ಸಂಗತಿ, ಇದು ಕೋರ್ಸಿನಲ್ಲಿಲ್ಲ, ನಾನೇ ಓದಿ ತಿಳಿದದ್ದು. ರಾಮ್ಸೆಸ್ ಹಳೇ ರಾಜರ ಪ್ರತಿಮೆಗಳ ಮೇಲೆ ತನ್ನ ಹೆಸರು ಹಾಕಿಸುತ್ತಿದ್ದ. ತನ್ನ ಹೆಸರನ್ನು ಮುಂದಿನವರು ಅಳಿಸಬಾರದು ಅಂತ ತುಂಬ ಆಳವಾಗಿ ಕೆತ್ತಿಸುತ್ತಿದ್ದ. ನನ್ನ ಹತ್ತಿರವೂ "ಸ್ವಲ್ಪ ಆಳವಾಗಿ ಹೊಡೀರಿ" ಅಂತ ಕೇಳುವವರಿದ್ದಾರೆ. ಆದರೆ ಶೆಲ್ಲಿ ಬರೆಯುವ ಹೊತ್ತಿಗೆ ಈಜಿಪ್ಟಿನ ಆ ಚಿತ್ರಲಿಪಿಯನ್ನು ಓದಬಲ್ಲವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಫ್ರಾನ್ಸಿನ ಪಂಡಿತ ಶಾಂಪೋಲಿಯನ್ ಅದರ ಗುಟ್ಟು ಬಿಡಿಸಿದ್ದನ್ನು ಲೋಕಕ್ಕೆ ತಿಳಿಸಿದ್ದು 1822ರ ಸೆಪ್ಟೆಂಬರಿನಲ್ಲಿ. ಶೆಲ್ಲಿ ಜುಲೈನಲ್ಲೇ ಸತ್ತಿದ್ದ. ಎಷ್ಟು ಆಳದ ಅಕ್ಷರ ಇದ್ದರೂ ಓದುವವರಿಲ್ಲ. ಇಷ್ಟು ವರ್ಷ ಅಕ್ಷರ ಕೆತ್ತಿದ್ದರೂ ಇದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ.

ಮ್ಯೂಸಿಯಂ ತಪ್ಪಿನ ಬಗ್ಗೆ ಕೋರ್ಸಿನವರಿಗೆ ಬರೆದೆ. ಎರಡು ವಾರ ಸುದ್ದಿಯಿಲ್ಲ. ಮತ್ತೆ ಬರೆದ ಮೇಲೆ ಉತ್ತರ ಬಂತು, ಪಿಡಿಎಫ್ ತಿದ್ದಿದರು. ವಿಡಿಯೋದಲ್ಲಿ ಮಾತ್ರ ತಪ್ಪು ಹಾಗೇ ಇದೆ. ದುಡ್ಡು ಕೊಟ್ಟು ಕಲಿಯುವವರು ಪಾಠದಲ್ಲಿ ಹೇಳಿದ್ದನ್ನು ನಂಬುತ್ತಾರೆ. ದಯವಿಟ್ಟು ಅದನ್ನೂ ತಿದ್ದಬೇಕು. ವಿಡಿಯೋದ ಕೆಳಗೆ ಬರುವ ಅಕ್ಷರಗಳಲ್ಲೂ ತಪ್ಪಿದೆ. "ಸ್ನೀರ್" ಅನ್ನುವಲ್ಲಿ ಎರಡು ಕಡೆ "ಸ್ನೀಜ್" ಅಂತ ಬಂದಿದೆ, ತಾತ್ಸಾರ ಹೋಗಿ ಸೀನಾಗಿದೆ. ಇಂಗ್ಲಿಷ್ ಕೇಳಿ ಅಷ್ಟು ಅಭ್ಯಾಸ ಇಲ್ಲದವರು ಆ ಅಕ್ಷರಗಳನ್ನೇ ನೆಚ್ಚಿಕೊಂಡಿರುತ್ತಾರೆ, ಅವರು ಏನು ಮಾಡಬೇಕು?

ಬರವಣಿಗೆ ತಿದ್ದುವ ಕೆಲಸ ಮಾತ್ರ ತುಂಬ ಚೆನ್ನಾಗಿದೆ. ನಾನು ಎಂಟನೇ ಸಾಲಿನ ಮೇಲೆ ಒಂದೂವರೆ ಪುಟ ಬರೆದು ಕಳಿಸಿದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೂರು ದಿನಕ್ಕೆ ವಾಪಸ್ ಬಂತು. ವ್ಯಾಕರಣಕ್ಕೆ ಕೈ ಹಾಕಿರಲಿಲ್ಲ. ಪಕ್ಕದಲ್ಲಿ ಒಂದೇ ಪ್ರಶ್ನೆ ಇತ್ತು: "ಶಿಲ್ಪಿಯ ಅಣಕ ರಾಜನಿಗೆ ಕಾಣಲಿಲ್ಲ ಅಂತ ಬರೆದಿದ್ದೀರಿ. ಕಂಡಿದ್ದರೂ ಅವನು ಅದನ್ನೇ ಮೆಚ್ಚಿಕೊಂಡಿರಬಹುದಲ್ಲವೇ?"

ಎರಡು ದಿನ ಅದೇ ತಲೆಯಲ್ಲಿತ್ತು. ಹೌದು, ಆ ತುಟಿ ನೋಡಿ ರಾಜನಿಗೆ ಸಂತೋಷವೇ ಆಗಿರಬಹುದು. ನಾನು ಇರುವುದೇ ಹೀಗೆ, ಎಲ್ಲರೂ ನಡುಗಲಿ ಅಂದುಕೊಂಡಿರಬಹುದು. ಶಿಲ್ಪಿ ಬದುಕಿದ್ದೂ ಅದರಿಂದಲೇ ಇರಬಹುದು. ಒಂದೇ ಮುಖ, ರಾಜನಿಗೆ ಹೊಗಳಿಕೆ, ನಮಗೆ ಸಾಕ್ಷಿ. ಮತ್ತೆ ಬರೆದು ಕಳಿಸಿದೆ, ಅದನ್ನೂ ಓದಿ ನಾಲ್ಕು ಸಾಲು ಬರೆದರು. ಇಷ್ಟು ಮನಸ್ಸಿಟ್ಟು ಓದುವವರು ಸಿಗುವುದು ಅಪರೂಪ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಮ್ಮಿ ಮಾಡಿದ ಆ ಒಂದು ಐದನೇ ಪಾಠಕ್ಕೆ. ಪರೀಕ್ಷೆಗೆ ಉತ್ತರ ಬೇಕು ಅನ್ನುವವರಿಗೆ ಇದು ನಿಧಾನ ಅನಿಸಬಹುದು. ಒಂದು ಮಾತಿನ ಮೇಲೆ ಹತ್ತು ನಿಮಿಷ ಕೂರಲು ಇಷ್ಟಪಡುವವರು ಖಂಡಿತ ಸೇರಿ. ಮೂರನೇ ಪಾಠಕ್ಕೆ ಕೂರುವ ಮೊದಲು ಕವಿತೆಯನ್ನು ನಿಮ್ಮ ಕೈಯಲ್ಲೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಎಂಟನೇ ಸಾಲಿನ ಕೆಳಗೆ ಸ್ವಲ್ಪ ಜಾಸ್ತಿ ಜಾಗ ಬಿಡಿ.